ನಿಮ್ಮ ರೋಮ್ ಲೇಖನ ವಾಪಸ್ ಕಳಿಸುತ್ತಿದ್ದೇನೆ, ಕಾರಣ ಓದಿ

ನಮಸ್ಕಾರ.

ನೀವು ಕಳಿಸಿದ ‘ರೋಮನ್ನರು ಜಗತ್ತಿಗೆ ಕೊಟ್ಟ ಕೊಡುಗೆಗಳು’ ಲೇಖನವನ್ನು ಪೂರ್ತಿ ಓದಿದೆ. ಈಗಿರುವ ಹಾಗೆ ಅದನ್ನು ಪ್ರಕಟಿಸಲು ಆಗುವುದಿಲ್ಲ. ಸುಮ್ನೆ ಸುತ್ತಿ ಬಳಸಿ ಹೇಳುವುದು ಬೇಡ ಅಂತ ಮೊದಲೇ ಹೇಳಿಬಿಟ್ಟೆ. ಆದರೆ ಅದರೊಳಗೆ ಒಂದು ಒಳ್ಳೆಯ ಬರಹ ಅಡಗಿದೆ. ಅದು ಎಲ್ಲಿದೆ ಅಂತ ತೋರಿಸಲು ಇಷ್ಟು ಉದ್ದ ಬರೆಯುತ್ತಿದ್ದೇನೆ.

ರಸ್ತೆ, ಸಿಮೆಂಟು, ಕಾನೂನು, ಕ್ಯಾಲೆಂಡರು, ಲಿಪಿ, ಒಳಚರಂಡಿ, ಸೆನೆಟ್ಟು, ಕ್ರೀಡಾಂಗಣ. ಒಂದೊಂದಕ್ಕೆ ಒಂದೊಂದು ಪ್ಯಾರಾ. ಓದುತ್ತಾ ಹೋದರೆ ಮದುವೆ ಮನೆಯಲ್ಲಿ ಮುಯ್ಯಿ ಬರೆದಿಟ್ಟ ಪುಸ್ತಕ ತಿರುವಿದ ಹಾಗಾಗುತ್ತದೆ. ಯಾರು ಏನು ಕೊಟ್ಟರು ಅಂತ ಗೊತ್ತಾಗುತ್ತದೆ, ಅಷ್ಟೇ. ಅದು ನಮ್ಮವರೆಗೆ ಯಾರ ಕೈಯಿಂದ ಬಂತು, ದಾರಿಯಲ್ಲಿ ಏನೇನು ಬದಲಾಯಿತು ಅನ್ನುವುದು ಎಲ್ಲೂ ಇಲ್ಲ. ನನಗೆ ಬೇಕಾಗಿದ್ದು ಅದೇ.

ಮೊದಲು ತಪ್ಪುಗಳು. ರೋಮನ್ ರಥಕ್ಕೆ ಕಟ್ಟಿದ ಎರಡು ಕುದುರೆಗಳ ಹಿಂಭಾಗದ ಅಗಲವೇ ಇಂದಿನ ರೈಲು ಹಳಿಯ ಅಗಲ ಅಂತ ಬರೆದಿದ್ದೀರಿ. ಅದು ವಾಟ್ಸಾಪ್ ಫಾರ್ವರ್ಡ್. ಹಲವು ದೇಶಗಳ ಹಳಿಗಳಲ್ಲಿರುವ 1435 ಮಿಲಿಮೀಟರಿನ ಆ ಅಳತೆ ಇಂಗ್ಲೆಂಡಿನ ಕಲ್ಲಿದ್ದಲು ಗಣಿಗಳ ಬಂಡಿ ಹಳಿಗಳಿಂದ ರೈಲಿಗೆ ಬಂತು. ಅದಿರಲಿ, ನೀವು ದಿನಾ ಓಡಾಡುವ ಬ್ರಾಡ್‌ಗೇಜ್ ಹಳಿಯ ಅಗಲ 1676 ಮಿಲಿಮೀಟರ್. ಅದಕ್ಕೂ ಮೊದಲು ಮೈಸೂರು ಕಡೆ ಇದ್ದದ್ದು ಮೀಟರ್‌ಗೇಜ್. ಬರೆಯುವಾಗ ಇದು ಹೊಳೆಯಬೇಕಿತ್ತು ಅಲ್ವಾ?

ರೋಮಿನ ಮೊದಲ ಚಕ್ರವರ್ತಿ ಅಗಸ್ಟಸ್ ಫೆಬ್ರವರಿಯಿಂದ ಒಂದು ದಿನ ಕಿತ್ತು ತನ್ನ ಹೆಸರಿನ ಆಗಸ್ಟ್ ತಿಂಗಳಿಗೆ ಸೇರಿಸಿಕೊಂಡ ಅನ್ನುವುದೂ ಕಟ್ಟುಕತೆ. ಆ ತಿಂಗಳಿಗೆ 31 ದಿನ ಬಂದದ್ದು ಕ್ರಿ.ಪೂ. 45ರಲ್ಲಿ, ಜೂಲಿಯಸ್ ಸೀಸರನ ಸುಧಾರಣೆಯಿಂದ. ಅಗಸ್ಟಸನ ಹೆಸರು ಬಂದದ್ದು ಕ್ರಿ.ಪೂ. 8ರಲ್ಲಿ. ಫೆಬ್ರವರಿಗೆ ಸೀಸರನಿಗಿಂತ ಮೊದಲೂ 28 ದಿನವೇ. ಮಜಾ ಬೇಕಿದ್ದರೆ ನಿಜವಾದದ್ದೇ ಇದೆ: ದಾರಿ ತಪ್ಪಿದ ಲೆಕ್ಕವನ್ನು ಸರಿ ಮಾಡಲು ಸೀಸರ್ ಕ್ರಿ.ಪೂ. 46ನೇ ವರ್ಷವನ್ನು 445 ದಿನಕ್ಕೆ ಎಳೆದ.

ಸಿಮೆಂಟಿನ ಪ್ಯಾರಾ ಅರ್ಧ ಸರಿ. ರೋಮಿನ ಹಳೆಯ ದೇವಾಲಯ ಪ್ಯಾಂಥಿಯನ್‌ನ ಗುಮ್ಮಟ 43 ಮೀಟರ್ ಅಗಲವಿದೆ, ಒಳಗೆ ಕಬ್ಬಿಣದ ಸರಳಿಲ್ಲ, ಸುಮಾರು 1900 ವರ್ಷದಿಂದ ನಿಂತಿದೆ. ಇದೆಲ್ಲ ನಿಜ. ಆದರೆ ಇಂದಿನ ಪೋರ್ಟ್‌ಲ್ಯಾಂಡ್ ಸಿಮೆಂಟು ರೋಮಿನಿಂದ ನೇರವಾಗಿ ಇಳಿದು ಬಂದದ್ದಲ್ಲ. ಅದಕ್ಕೆ ಪೇಟೆಂಟ್ ಪಡೆದವನು ಜೋಸೆಫ್ ಆಸ್ಪ್‌ಡಿನ್ ಅನ್ನುವ ಇಂಗ್ಲಿಷ್ ಮೇಸ್ತ್ರಿ, 1824ರಲ್ಲಿ. ರೋಮನ್ನರು ಸುಣ್ಣಕ್ಕೆ ಜ್ವಾಲಾಮುಖಿಯ ಬೂದಿ ಬೆರೆಸುತ್ತಿದ್ದರು, ಅದು ನೀರಿನೊಳಗೂ ಗಟ್ಟಿಯಾಗುತ್ತಿತ್ತು. ಈಗ ಪಿಪಿಸಿ (ಪೋರ್ಟ್‌ಲ್ಯಾಂಡ್ ಪೊಝೊಲಾನಾ) ಸಿಮೆಂಟಿನಲ್ಲಿ ವಿದ್ಯುತ್ ಸ್ಥಾವರದ ಹಾರುಬೂದಿ ಮಾಡುವುದು ಹೆಚ್ಚುಕಡಿಮೆ ಅದೇ ಕೆಲಸ. ಇಷ್ಟು ಹೇಳಿದ್ದರೆ ಸಾಕಿತ್ತು. ನೀವು ‘ರೋಮನ್ನರಿಲ್ಲದಿದ್ದರೆ ನಮಗೆ ಮನೆಯೇ ಇರುತ್ತಿರಲಿಲ್ಲ’ ಅಂತ ಬರೆದಿದ್ದೀರಿ. ಇರುತ್ತಿತ್ತು.

ಚಿತ್ರದುರ್ಗದ ಚಂದ್ರವಳ್ಳಿಯಲ್ಲಿ ರೋಮನ್ ನಾಣ್ಯ ಸಿಕ್ಕಿದ್ದನ್ನು ಹೆಮ್ಮೆಯಿಂದ ಸೇರಿಸಿದ್ದೀರಿ. ನಾಣ್ಯ ಸಿಕ್ಕಿದ್ದು ಹೌದು. ಅದು ವ್ಯಾಪಾರದ ಕತೆ, ಪ್ರಭಾವದ ಕತೆಯಲ್ಲ. ಇಲ್ಲಿಂದ ತೆಗೆದು, ಅದಕ್ಕೆ ಬೇರೆಯೇ ಲೇಖನ ಬರೆಯಿರಿ.

ಇನ್ನು ಕಾನೂನು. ‘ಭಾರತದ ಕಾನೂನೆಲ್ಲ ರೋಮನ್ ಕಾನೂನೇ’ ಅನ್ನುವ ಸಾಲು ನಿಲ್ಲುವುದಿಲ್ಲ. ನಮ್ಮದು ಹೆಚ್ಚಾಗಿ ಇಂಗ್ಲಿಷರ ಪದ್ಧತಿ. ಫ್ರಾನ್ಸ್, ಇಟಲಿ, ಪೋರ್ಚುಗಲ್‌ಗಳಲ್ಲಿ ರೋಮಿನ ನೆರಳು ಜಾಸ್ತಿ. ಕಾರವಾರ ದಾಟಿ ಗೋವಾಕ್ಕೆ ಕಾಲಿಟ್ಟರೆ ಆ ನೆರಳು ನಮ್ಮ ಪಕ್ಕದಲ್ಲೇ ಸಿಗುತ್ತದೆ. 1867ರ ಪೋರ್ಚುಗೀಸ್ ಸಿವಿಲ್ ಕೋಡ್ ಅಲ್ಲಿ ಮದುವೆ, ಕುಟುಂಬದ ವಿಚಾರದಲ್ಲಿ ಈಗಲೂ ನಡೆಯುತ್ತದೆ.

ಆದರೆ ಅದೇ ಪುಟದ ಕೆಳಗೆ, ಆವರಣದೊಳಗೆ ಒಂದು ಸಾಲಿದೆ: ಕೊಡಗಿನಲ್ಲಿ ನಿಮ್ಮ ಚಿಕ್ಕಪ್ಪ ಕಾಫಿ ತೋಟದ ದಾರಿಗಾಗಿ ವರ್ಷಗಟ್ಟಲೆ ಕೋರ್ಟಿಗೆ ಅಲೆಯುತ್ತಿದ್ದಾರೆ, ‘ಇಂಥ ಜಗಳ ರೋಮಿನಲ್ಲೂ ಇತ್ತಂತೆ’. ಅಲ್ಲೇ ನಿಲ್ಲಿಸಿ ಸೆನೆಟ್ಟಿಗೆ ಹೋಗಿಬಿಟ್ಟಿರಿ! ನಿಮ್ಮ ಲೇಖನ ಶುರುವಾಗಬೇಕಾದ್ದೇ ಅಲ್ಲಿಂದ.

ಇತ್ತಂತೆ ಅಲ್ಲ, ಇತ್ತು. ರೋಮಿನ ಮೊದಲ ಲಿಖಿತ ಕಾನೂನಾದ, ಕ್ರಿ.ಪೂ. 450ರ ಆಸುಪಾಸಿನ ಹನ್ನೆರಡು ಫಲಕಗಳ ಕಾನೂನಿನಲ್ಲೇ ಗಾಡಿದಾರಿಯ ಅಗಲ ಹೇಳಿದೆ. ನೇರ ಇದ್ದಲ್ಲಿ 8 ಅಡಿ, ತಿರುವಿನಲ್ಲಿ 16 ಅಡಿ. ತಿರುವಿನಲ್ಲಿ ಇಮ್ಮಡಿ ಯಾಕೆ ಅಂತ ಎತ್ತಿನ ಗಾಡಿ ಹೊಡೆದವರನ್ನು ಕೇಳಿ. ಮುಂದೆ ಕ್ರಿ.ಶ. 533ರಲ್ಲಿ ಜಸ್ಟಿನಿಯನ್ ಚಕ್ರವರ್ತಿ ಕಾನೂನು ಕಲಿಯುವ ಹುಡುಗರಿಗಾಗಿ ಹೊರಡಿಸಿದ ಪಠ್ಯದಲ್ಲಿ ಪಕ್ಕದವನ ಜಮೀನಿನ ಮೇಲೆ ಇರಬಹುದಾದ ಹಕ್ಕುಗಳನ್ನು ಬಿಡಿಸಿ ಹೇಳಿದ್ದಾರೆ: ನಡೆದು ಹೋಗುವುದು, ದನ ಹೊಡೆದುಕೊಂಡು ಹೋಗುವುದು, ಗಾಡಿ ಸಮೇತ ಹೋಗುವುದು, ನೀರು ಹಾಯಿಸಿಕೊಳ್ಳುವುದು. ಈ ಹಕ್ಕು ಮನುಷ್ಯನಿಗಲ್ಲ, ಜಮೀನಿಗೆ ಅಂಟಿಕೊಂಡದ್ದು. ತೋಟ ಮಾರಿದರೆ ದಾರಿಯೂ ಕೊಂಡವನಿಗೆ ಹೋಗುತ್ತದೆ.

ಇದು ಕೊಡಗಿಗೆ ಬಂದದ್ದು ಹೇಗೆ? ಇಂಗ್ಲಿಷ್ ನ್ಯಾಯಪಂಡಿತರು 13ನೇ ಶತಮಾನದಲ್ಲೇ ರೋಮನ್ ಪುಸ್ತಕಗಳಿಂದ ಎತ್ತಿಕೊಳ್ಳುತ್ತಿದ್ದರು. 19ನೇ ಶತಮಾನದಲ್ಲಿ ದಾರಿ, ನೀರಿನ ವಿಚಾರಕ್ಕೆ ಮತ್ತೆ ಅದೇ ಪುಸ್ತಕಗಳನ್ನು ತೆರೆದರು. ಅಲ್ಲಿಂದ 1882ರ ಇಂಡಿಯನ್ ಈಸ್‌ಮೆಂಟ್ಸ್ ಆಕ್ಟ್, ಅಂದರೆ ಪಕ್ಕದವರ ಜಮೀನಿನ ಮೇಲಿನ ಇಂಥ ಹಕ್ಕುಗಳ ಕಾಯ್ದೆ. ಅದು ಮೊದಲು ಜಾರಿಯಾದದ್ದು ಮೂರೇ ಕಡೆ: ಮದ್ರಾಸ್ ಪ್ರಾಂತ್ಯ, ಸೆಂಟ್ರಲ್ ಪ್ರಾವಿನ್ಸಸ್ ಮತ್ತು ಕೊಡಗು. ನಿಮ್ಮ ಚಿಕ್ಕಪ್ಪನ ಊರು! ಇದು ನಿಮ್ಮ ಲೇಖನದಲ್ಲಿ ಇಲ್ಲವೇ ಇಲ್ಲ.

ಇನ್ನೂ ಒಂದಿದೆ, ನನಗೆ ತುಂಬಾ ಇಷ್ಟವಾದದ್ದು. ಬಹುಕಾಲ ಬಳಸಿದ್ದರಿಂದ ಹಕ್ಕು ಬಂತು ಅನ್ನಬೇಕಾದರೆ ಆ ಬಳಕೆ ಬಲವಂತದ್ದಾಗಿರಬಾರದು, ಕದ್ದುಮುಚ್ಚಿ ಮಾಡಿದ್ದಾಗಿರಬಾರದು, ಬೇಡಿ ಪಡೆದ ಒಪ್ಪಿಗೆಯದ್ದೂ ಆಗಿರಬಾರದು ಅನ್ನುವುದು ರೋಮನ್ ಸೂತ್ರ. ನಮ್ಮ ಕಾಯ್ದೆಯಲ್ಲೂ ಹಾಗೆಯೇ: 20 ವರ್ಷ, ರಾಜಾರೋಷವಾಗಿ, ಜಗಳವಿಲ್ಲದೆ, ತನ್ನ ಹಕ್ಕು ಅಂತಲೇ ಬಳಸಿರಬೇಕು. ಅಂದರೆ ‘ಅಣ್ಣಾ, ನಿಮ್ಮ ತೋಟದಲ್ಲಿ ಹಾದು ಹೋಗಲಾ?’ ಅಂತ ವಿನಯದಿಂದ ಕೇಳಿ ನಡೆದವನಿಗೆ ಆ ನಡಿಗೆಯಿಂದ ಹಕ್ಕು ಹುಟ್ಟುವುದಿಲ್ಲ. ಕೇಳದೆ ನಡೆದವನಿಗೆ ಹುಟ್ಟಬಹುದು. ಹಳ್ಳಿಯ ಮರ್ಯಾದೆಗೂ ಕಾಯ್ದೆಗೂ ಇಲ್ಲಿ ತಿಕ್ಕಾಟವಿದೆ. ಚಿಕ್ಕಪ್ಪನನ್ನು ಕೂರಿಸಿಕೊಂಡು ಕೇಳಿ: ಅಜ್ಜನ ಕಾಲದಲ್ಲಿ ಯಾರಾದರೂ ಅನುಮತಿ ಕೇಳಿದ್ದರಾ? ಉತ್ತರ ಏನೇ ಬರಲಿ, ಅದು ಬರೆಯುವಂಥದ್ದು.

ಒಂದು ಎಚ್ಚರಿಕೆ. ದಾರಿಯ ಹಕ್ಕನ್ನು ರೋಮನ್ನರೇ ನಮಗೆ ಕಲಿಸಿದರು ಅಂತ ಮಾತ್ರ ಬರೆಯಬೇಡಿ. ಊರೂರಿನ ರೂಢಿ ಮೊದಲೂ ಇತ್ತು, ಆ ಕಾಯ್ದೆಯೇ ರೂಢಿಗೆ ಒಂದು ಕಲಮು ಬಿಟ್ಟುಕೊಟ್ಟಿದೆ. ಕೋರ್ಟಿನಲ್ಲಿ ವಾದ ಮಾಡುವ ಚೌಕಟ್ಟು ರೋಮಿನ ಕಡೆಯಿಂದ ಬಂತು, ಅಷ್ಟು ಹೇಳಿ.

ಹೊಸದಾಗಿ ಬರೆದು ಕಳಿಸಿ, 1200 ಪದ ಮೀರದಿರಲಿ. ‘ಭವ್ಯ’, ‘ಅಜರಾಮರ’ ಎರಡನ್ನೂ ಕೈಬಿಡಿ. ಕೊಲೊಸಿಯಂ ಫೋಟೊ ಬೇಡ. ಸರ್ವೆ ನಂಬರು, ಪಕ್ಕದ ತೋಟದವರ ಹೆಸರು ಎಲ್ಲೂ ಬರಬಾರದು. ಕೇಸು ಇನ್ನೂ ನಡೆಯುತ್ತಿದೆ, ನಾಳೆ ನಿಮ್ಮ ಲೇಖನವನ್ನೇ ಎದುರು ವಕೀಲರು ತಂದಿಟ್ಟರೆ ಚಿಕ್ಕಪ್ಪನಿಗೆ ನೀವು ಉತ್ತರ ಹೇಳಬೇಕಾಗುತ್ತದೆ.