ತೋಟದ ಮನೆಯಲ್ಲಿ ತೋಟಾ, ಮದ್ದು, ಕೇಪು: ಸೆಖೆಗೂ ತೇವಕ್ಕೂ ಕೆಡದಂತೆ ಇಡುವುದು ಹೇಗೆ?

ನೀವು ಕೇಳಿರುವುದು ಇಷ್ಟು: ಪಾಂಡವಪುರದ ಕಡೆ ನಾಲೆ ಬಯಲಿನಲ್ಲಿ ತೋಟದ ಮನೆ, ಮೇಲೆ ಶೀಟು. ಲೈಸೆನ್ಸ್ ಇರುವ ಒಂದು ಕೇಪಿನ ಕೋವಿ (ನಳಿಗೆಯ ಬಾಯಿಂದ ಮದ್ದು ತುಂಬುವಂಥದ್ದು), ಒಂದು 12 ಬೋರಿನ ಜೋಡು ನಳಿಗೆಯ ಕೋವಿ. ಮದ್ದು, ಕೇಪು (ಮದ್ದಿಗೆ ಕಿಡಿ ಕೊಡುವ ಪುಟ್ಟ ಲೋಹದ ಟೊಪ್ಪಿ), ಚರೆ (ಸೀಸದ ಸಣ್ಣ ಗುಂಡು), ತೋಟಾ ಎಲ್ಲವನ್ನೂ ಒಂದೇ ಕಬ್ಬಿಣದ ಪೆಟ್ಟಿಗೆಗೆ ಹಾಕಿ, ಗಾಳಿಯಾಡದಂತೆ ಮುಚ್ಚಿ ಅಟ್ಟದ ಮೇಲೆ ಇಡಬಹುದೇ, ಅಥವಾ ಫ್ರಿಜ್ಜಿನಲ್ಲಿ ಇಡುವುದು ವಾಸಿಯೇ?

ಎರಡೂ ಬೇಡ. ಮುಖ್ಯವಾಗಿ, ಎಲ್ಲವನ್ನೂ ಒಂದೇ ಪೆಟ್ಟಿಗೆಗೆ ಹಾಕುವ ಯೋಚನೆಯನ್ನೇ ಬಿಡಿ. ತುಂಬಿದ ತೋಟಾವನ್ನು ಬಿಗಿಯಾಗಿ ಮುಚ್ಚಿಡಬೇಕು. ಬಿಡಿ ಮದ್ದನ್ನು ಗಟ್ಟಿ ಲೋಹದಲ್ಲಿ ಬಿಗಿಯಾಗಿ ಮುಚ್ಚಿಡಲೇಬಾರದು. ತೋಟಾ ಬೆಂಕಿಗೆ ಸಿಕ್ಕರೂ ಸುತ್ತ ನಳಿಗೆಯ ಹಿಡಿತವಿಲ್ಲದ ಕಾರಣ ಒಂದೊಂದಾಗಿ ಸಿಡಿದು ಹೋಗುತ್ತದೆ, ಚರೆಗೆ ಅಂಥ ವೇಗ ಬರುವುದಿಲ್ಲ. ಬಿಡಿ ಮದ್ದು ಹಾಗಲ್ಲ. ಅದರ ಅನಿಲಕ್ಕೆ ಹೊರಗೆ ಹೋಗಲು ದಾರಿ ಸಿಗದಿದ್ದರೆ ಕಬ್ಬಿಣದ ಪೆಟ್ಟಿಗೆಯೇ ಬಾಂಬು. ಕೋವಿ ಇಡುವ ಉಕ್ಕಿನ ಬೀರುವಿನೊಳಗೆ ಮದ್ದಿನ ಡಬ್ಬಿ ಇಡಬಾರದು ಎನ್ನುವುದೂ ಇದಕ್ಕೇ.

ಜಾಗದ ಮಾತು ಮೊದಲು. ಮಂಡ್ಯ, ಮೈಸೂರು ಮಂಗಳೂರಿನಷ್ಟು ತೇವದ ಊರುಗಳಲ್ಲ. ಆದರೆ ಏಪ್ರಿಲ್‌ನಲ್ಲಿ ನೆರಳಿನಲ್ಲೇ 35 ಡಿಗ್ರಿ ಮುಟ್ಟುತ್ತದೆ, ಬಿಸಿಲು ಕಾಯ್ದ ಶೀಟಿನ ಕೆಳಗಿನ ಅಟ್ಟ ಅದಕ್ಕಿಂತ ಎಷ್ಟೋ ಹೆಚ್ಚು ಕಾಯುತ್ತದೆ. ತೋಟಾದೊಳಗಿನ ಹೊಗೆರಹಿತ ಮದ್ದು ಅಂದರೆ ನೈಟ್ರೋಸೆಲ್ಯುಲೋಸ್. ಅದು ತಾನಾಗಿಯೇ ನಿಧಾನವಾಗಿ ಕೊಳೆಯುತ್ತಾ ನೈಟ್ರೋಜನ್ ಆಕ್ಸೈಡ್ ಬಿಡುತ್ತಿರುತ್ತದೆ, ಆ ಅನಿಲ ಕೊಳೆತವನ್ನು ಇನ್ನೂ ಬೇಗ ಮಾಡುತ್ತದೆ. ಅದನ್ನು ಹೀರಿಕೊಳ್ಳಲೆಂದೇ ಕಾರ್ಖಾನೆಯಲ್ಲಿ ಡೈಫಿನೈಲಮೈನ್ ಸೇರಿಸಿರುತ್ತಾರೆ. ಶಾಖ ಸುಮಾರು 10 ಡಿಗ್ರಿ ಏರಿದಾಗಲೆಲ್ಲ ಈ ಕ್ರಿಯೆಯ ವೇಗ ಹೆಚ್ಚುಕಡಿಮೆ ಎರಡರಷ್ಟಾಗುತ್ತದೆ ಎಂದು ಲೆಕ್ಕ ಹಿಡಿಯಿರಿ. ತಂಪಾದ ಕೋಣೆಯಲ್ಲಿ ದಶಕಗಳು ಬಾಳುವ ಮದ್ದು ಅಟ್ಟದ ಮೇಲೆ ಬಹಳ ಬೇಗ ಮುಪ್ಪಾಗುವುದು ಹೀಗೆ.

ಬಿಸಿಲು ಬೀಳದ ಒಳಗೋಡೆಗೆ ತಾಗಿಕೊಂಡ, ನೆಲಮಟ್ಟದ ಕೋಣೆ ಆರಿಸಿ. ಹಳೆಯ ಮಣ್ಣಿನ ಗೋಡೆ ಅಥವಾ ದಪ್ಪ ಇಟ್ಟಿಗೆ ಗೋಡೆಯ ಕೋಣೆ ಇದ್ದರೆ ಅದೇ ಸರಿ, ಹಗಲು ರಾತ್ರಿಯ ಏರಿಳಿತ ಒಳಗೆ ಅಷ್ಟಾಗಿ ತಟ್ಟುವುದಿಲ್ಲ. (2017ರಲ್ಲಿ ಜೋಡಿ ರೈಲುಹಳಿಗಾಗಿ ಇಡಿಯಾಗಿ ಸರಿಸಿದರಲ್ಲ, ಶ್ರೀರಂಗಪಟ್ಟಣದ ಟಿಪ್ಪುವಿನ ಶಸ್ತ್ರಾಗಾರ, ಅದರ ದಪ್ಪ ಇಟ್ಟಿಗೆ ಗಾರೆಯ ಗೋಡೆಗಳನ್ನು ಒಮ್ಮೆ ಹೋಗಿ ನೋಡಿ.) ಪೆಟ್ಟಿಗೆ ನೇರವಾಗಿ ನೆಲದ ಮೇಲೆ ಬೇಡ. ನಾಲೆಗೆ ನೀರು ಬಿಟ್ಟ ಮೇಲೆ ಗದ್ದೆ ಬಯಲಿನ ಮನೆಗಳ ನೆಲವೇ ಬೆವರುತ್ತದೆ. ಒಂದು ಅಡಿ ಎತ್ತರದ ಸ್ಟ್ಯಾಂಡು, ಗೋಡೆಯಿಂದ ನಾಲ್ಕು ಬೆರಳು ಅಂತರ, ಬೀಗ, ಬೀಗದಕೈ ನಿಮ್ಮ ಕೈಯಲ್ಲಿ.

ಫ್ರಿಜ್ಜು ಯಾಕೆ ಬೇಡ ಅಂದರೆ, ಕೆಡುಕು ಇರುವುದು ಒಳಗಿಡುವುದರಲ್ಲಿ ಅಲ್ಲ, ಹೊರಗೆ ತೆಗೆಯುವುದರಲ್ಲಿ. ಹೊರಗೆ 30 ಡಿಗ್ರಿ ಶಾಖ, ಶೇಕಡಾ 80 ತೇವ ಇದ್ದರೆ, 26 ಡಿಗ್ರಿಗಿಂತ ತಣ್ಣಗಿರುವ ಯಾವ ವಸ್ತುವಿನ ಮೇಲಾದರೂ ನೀರು ಕೂರುತ್ತದೆ. ಫ್ರಿಜ್ಜಿನಿಂದ ಬಂದ ತೋಟಾದ ಹಿತ್ತಾಳೆ ಬುಡ ಎರಡೇ ನಿಮಿಷಕ್ಕೆ ಒದ್ದೆ. ಮಳೆಗಾಲದಲ್ಲಿ ಏಸಿ ಕೋಣೆಯಿಂದ ತಂದು ತಕ್ಷಣ ಡಬ್ಬಿ ಬಿಚ್ಚಿದರೂ ಇದೇ ಕಥೆ. ಮುಚ್ಚಿದ ಡಬ್ಬಿ ಹೊರಗಿನ ಶಾಖಕ್ಕೆ ಬರುವವರೆಗೆ, ಕೆಲವು ಗಂಟೆ, ಹಾಗೇ ಬಿಟ್ಟು ಆಮೇಲೆ ತೆರೆಯಬೇಕು.

ಇನ್ನು ನಮ್ಮ ಭಾಗದಲ್ಲಿ ಯಾರೂ ಯೋಚಿಸದ, ಆದರೆ ನನ್ನ ಪ್ರಕಾರ ಎಲ್ಲಕ್ಕಿಂತ ದೊಡ್ಡ ಶತ್ರು: ಕೊಟ್ಟಿಗೆ ಮತ್ತು ಯೂರಿಯಾ ಚೀಲ. 19ನೇ ಶತಮಾನದಲ್ಲಿ ಭಾರತದಲ್ಲಿದ್ದ ಬ್ರಿಟಿಷ್ ಸೇನೆ ಮಳೆಗಾಲದಲ್ಲಿ ತೋಟಾಗಳನ್ನು ಕುದುರೆ ಲಾಯದಲ್ಲಿ ಇಡುತ್ತಿತ್ತು. ಮಳೆ ಮುಗಿದು ತೆಗೆದರೆ ತೋಟಾಗಳ ಹಿತ್ತಾಳೆ ಕವಚಗಳು ತಾವಾಗಿಯೇ ಸೀಳಿರುತ್ತಿದ್ದವು. ಕುದುರೆ ಗಂಜಲದಿಂದ ಏಳುವ ಅಮೋನಿಯಾ, ಕಾರ್ಖಾನೆಯಲ್ಲಿ ಎಳೆದು ಒತ್ತಿ ಮಾಡಿದ ಹಿತ್ತಾಳೆಯೊಳಗೆ ಉಳಿದ ಬಿಗಿತ, ಇವೆರಡೂ ಸೇರಿದರೆ ಹಿತ್ತಾಳೆ ಒಡೆಯುತ್ತದೆ ಎನ್ನುವುದು 1921ರ ಹೊತ್ತಿಗೆ ಸ್ಪಷ್ಟವಾಯಿತು. ಹಸು, ಎಮ್ಮೆಯ ಗಂಜಲ, ಕೋಳಿಗೊಬ್ಬರ, ತೇವ ಎಳೆದುಕೊಂಡ ಯೂರಿಯಾ, ಎಲ್ಲದರಿಂದಲೂ ಬರುವುದು ಅದೇ ಅಮೋನಿಯಾ. ಕೊಟ್ಟಿಗೆಗೆ ಅಂಟಿಕೊಂಡ ಕೋಣೆ, ಗೊಬ್ಬರದ ಕೋಣೆ ಎರಡನ್ನೂ ಲೆಕ್ಕದಿಂದ ಬಿಡಿ. ಅಮೋನಿಯಾ ಇರುವ, ಗಾಜು ಒರೆಸುವ ದ್ರಾವಣ ಕೂಡ ಹತ್ತಿರ ಬೇಡ.

ಇನ್ವರ್ಟರ್ ಬ್ಯಾಟರಿ ಇರುವ ಮೂಲೆಯೂ ಬೇಡ. ಚಾರ್ಜ್ ಆಗುವಾಗ ಅದು ಹೈಡ್ರೋಜನ್ ಬಿಡುತ್ತದೆ, ಆಸಿಡ್ಡಿನ ಹನಿಗಳು ಲೋಹ ತಿನ್ನುತ್ತವೆ, ಟರ್ಮಿನಲ್‌ನಲ್ಲಿ ಕಿಡಿ ಏಳುವುದೂ ಉಂಟು.

ತೋಟಾದ ಪೆಟ್ಟಿಗೆಗೆ ರಬ್ಬರ್ ವಾಷರ್ ಇರುವ 20 ಲೀಟರಿನ ಡಬ್ಬಿ ಸಾಕು. ಮುಚ್ಚುವುದು ಒಣ ಹವೆಯ ದಿನ, ಜನವರಿ ಅಥವಾ ಫೆಬ್ರವರಿಯ ಮಧ್ಯಾಹ್ನ. ಒಳಗೆ ಸಿಲಿಕಾ ಜೆಲ್ (ತೇವ ಹೀರುವ ಹರಳು) ಎಷ್ಟು? ಡಬ್ಬಿಯೊಳಗಿನ ಗಾಳಿಯಲ್ಲಿ 30 ಡಿಗ್ರಿಗೆ ಹಿಡಿಯುವ ನೀರು ಹೆಚ್ಚೆಂದರೆ 0.6 ಗ್ರಾಂ, ಅದು ಏನೇನೂ ಅಲ್ಲ. ನಿಜವಾದ ನೀರು ಇರುವುದು ತೋಟಾದ ರಟ್ಟಿನ ಡಬ್ಬಿಯಲ್ಲಿ. ಮಳೆಗಾಲದಲ್ಲಿ ರಟ್ಟು ತನ್ನ ತೂಕದ ಶೇಕಡಾ 10ರ ಆಸುಪಾಸು ನೀರು ಹಿಡಿದಿಟ್ಟುಕೊಂಡಿರುತ್ತದೆ. ಹಾಗಾಗಿ 100 ಗ್ರಾಂ ಜೆಲ್ ಹಾಕಿ, ಬಟ್ಟೆ ಚೀಲದಲ್ಲಿ. ಕಿತ್ತಳೆ ಬಣ್ಣದ್ದು ಹಸಿರಾದರೆ, ನೀಲಿಯದು ಗುಲಾಬಿಯಾದರೆ ಅದರ ಹೊಟ್ಟೆ ತುಂಬಿತೆಂದು ಅರ್ಥ. ಜೆಲ್ಲನ್ನು ಮಾತ್ರ ಹೊರಗೆ ತಂದು ಓವನ್ನಿನಲ್ಲಿ 110–120 ಡಿಗ್ರಿಗೆ ಎರಡು ಗಂಟೆ ಕಾಯಿಸಿದರೆ ಮತ್ತೆ ಕೆಲಸಕ್ಕೆ ಬರುತ್ತದೆ. ನೀಲಿಯದರಲ್ಲಿ ಕೋಬಾಲ್ಟ್ ಇರುವುದರಿಂದ ಅಡುಗೆಯ ಪಾತ್ರೆಯಲ್ಲಿ ಕಾಯಿಸಬೇಡಿ.

ಒಂದು ಸಣ್ಣ ಡಿಜಿಟಲ್ ತೇವಮಾಪಕವನ್ನು ಒಳಗಿಡಿ. ಅಗ್ಗದವು ಸುಳ್ಳು ಹೇಳುವುದುಂಟು. ಬಾಟಲಿಯ ಮುಚ್ಚಳದಲ್ಲಿ ಅಡುಗೆ ಉಪ್ಪು ಹಾಕಿ, ಕೆಸರಿನಂತಾಗುವಷ್ಟು ಮಾತ್ರ ನೀರು ಬೆರೆಸಿ, ಮಾಪಕದ ಜೊತೆ ಗಾಳಿಯಾಡದ ಡಬ್ಬಿಯಲ್ಲಿ ಒಂದು ರಾತ್ರಿ ಮುಚ್ಚಿಡಿ. ಬೆಳಿಗ್ಗೆ ಅದು 75 ತೋರಿಸಬೇಕು. 70 ತೋರಿಸಿದರೆ ಮುಂದೆ ಯಾವಾಗಲೂ 5 ಕೂಡಿಸಿಕೊಳ್ಳಿ. ಪೆಟ್ಟಿಗೆಯೊಳಗೆ 40ರಿಂದ 50ರ ನಡುವೆ ನಿಂತರೆ ಚೆನ್ನ.

ತೋಟಾಗಳನ್ನು ಚರ್ಮದ ಪಟ್ಟಿಯಲ್ಲಿ ಸಿಕ್ಕಿಸಿಡುವ ರೂಢಿ ಬಿಡಿ. ಚರ್ಮ ಹದ ಮಾಡಿದ ಆಮ್ಲ ಹಿತ್ತಾಳೆಗೆ ಹಸಿರು ಕಿಲುಬು ಹಿಡಿಸುತ್ತದೆ. ಹೊಳೆಯಲಿ ಅಂತ ತುಕ್ಕಿನ ಸ್ಪ್ರೇ, ಎಣ್ಣೆ ಹಚ್ಚುವುದು ಇನ್ನೂ ಕೆಟ್ಟದ್ದು. ಅದು ಕೇಪಿನ ಸಂದಿನಿಂದ ಇಳಿದು ಒಳಗಿನ ಸಿಡಿಯುವ ಮಸಾಲೆಯನ್ನೇ ಕೊಲ್ಲುತ್ತದೆ.

ಕರಿಮದ್ದಿನ ವಿಷಯ ಬೇರೆಯೇ. ಪೆಟ್ಲುಪ್ಪು, ಇದ್ದಿಲು, ಗಂಧಕದ ಈ ಮಿಶ್ರಣಕ್ಕೆ ಶಾಖದಿಂದ ಮುಪ್ಪಿಲ್ಲ, ಆದರೆ ಒಂದು ಕಿಡಿ ಸಾಕು. ಅಂಗಡಿಯಿಂದ ಬಂದ ಡಬ್ಬಿಯಲ್ಲೇ ಇರಲಿ. ಗಾಜಿನ ಬಾಟಲಿ, ತಿರುಪಿನ ಕಬ್ಬಿಣದ ಡಬ್ಬಿ ಬೇಡ. ತಿರುಪಿನ ಸಂದಿಗೆ ಸಿಕ್ಕ ಹರಳು ಮುಚ್ಚಳ ತಿರುಗಿಸುವಾಗ ಉಜ್ಜಿಕೊಳ್ಳುತ್ತದೆ. ಆ ಡಬ್ಬಿಯನ್ನು ಒಂದು ಅಂಗುಲ ದಪ್ಪದ ಹಲಗೆಯ ಪೆಟ್ಟಿಗೆಯಲ್ಲಿಟ್ಟು, ಮುಚ್ಚಳ ಸಡಿಲವಾಗಿರುವಂತೆ ಬೀಗ ಹಾಕಿ. ಮರ ಶಾಖವನ್ನು ತಡೆಯುತ್ತದೆ, ಒತ್ತಡ ಬಂದರೆ ಬಿಟ್ಟುಕೊಡುತ್ತದೆ. ಯಾವ ಮದ್ದಿನ ಡಬ್ಬಿಯೊಳಕ್ಕೂ ಸಿಲಿಕಾ ಜೆಲ್ ಹಾಕಬೇಡಿ. ಹೊಗೆರಹಿತ ಮದ್ದಿನಲ್ಲಿ ಕಾರ್ಖಾನೆಯವರು ಲೆಕ್ಕ ಹಾಕಿ ಬಿಟ್ಟ ಒಂದಿಷ್ಟು ತೇವ ಇರುತ್ತದೆ, ಅದು ಹೋದರೆ ಉರಿಯುವ ವೇಗ ಹೆಚ್ಚಿ ನಳಿಗೆಯೊಳಗಿನ ಒತ್ತಡ ಏರುತ್ತದೆ. ಒಮ್ಮೆ ನೆನೆದ ಕರಿಮದ್ದನ್ನು ಒಣಗಿಸಿ ಬಳಸುವುದೂ ತಪ್ಪು: ಪೆಟ್ಲುಪ್ಪು ಕರಗಿ ಬೇರೆಡೆ ಹರಳುಗಟ್ಟಿರುತ್ತದೆ, ಮಿಶ್ರಣ ಸಮವಾಗಿ ಉಳಿದಿರುವುದಿಲ್ಲ.

ಕೇಪುಗಳು ಮದ್ದಿನ ಪೆಟ್ಟಿಗೆಯಲ್ಲಿ ಬೇಡ, ಸಾಧ್ಯವಾದರೆ ಅದೇ ಕಪಾಟಿನಲ್ಲೂ ಬೇಡ. ಬಂದ ಡಬ್ಬಿಯಿಂದ ತೆಗೆದು ಬಾಟಲಿಗೆ ಸುರಿಯಲೇಬಾರದು. ಒಂದು ಸಿಡಿದರೆ ಪಕ್ಕದ್ದೆಲ್ಲ ಒಟ್ಟಿಗೆ ಸಿಡಿಯುತ್ತದೆ. ಸೀಸದ ಚರೆಗೆ ಮಾತ್ರ ಮರದ ಪೆಟ್ಟಿಗೆ ಆಗಿಬರುವುದಿಲ್ಲ. ಮರದಿಂದ ಬರುವ ಹುಳಿ ಆವಿ ತಾಗಿ ಚರೆಯ ಮೇಲೆ ಬಿಳಿ ಪುಡಿ ಕೂರುತ್ತದೆ. ಆ ಪುಡಿ ವಿಷ. ಪ್ಲಾಸ್ಟಿಕ್ ಡಬ್ಬಿಯಲ್ಲಿಟ್ಟು, ಮುಟ್ಟಿದ ಮೇಲೆ ಸೋಪು ಹಾಕಿ ಕೈ ತೊಳೆಯಿರಿ.

ಆಯುಧ ಪೂಜೆಗೆ ಖಾಲಿ ಕೋವಿಯನ್ನಷ್ಟೇ ಇಡಿ. ದೀಪ, ಕರ್ಪೂರ, ಊದುಬತ್ತಿಯ ಮುಂದೆ ತೋಟಾ, ಮದ್ದು ಬೇಡವೇ ಬೇಡ. ಕುಂಕುಮ, ಅರಿಶಿನ ತೇವ ಹಿಡಿಯುತ್ತವೆ, ಅಂದೇ ಸಂಜೆ ಒರೆಸಿ ಎಣ್ಣೆಬಟ್ಟೆ ಆಡಿಸಿ. ನವರಾತ್ರಿ ಬರುವ ಹೊತ್ತಿಗೂ ನಮ್ಮಲ್ಲಿ ಮಳೆ ಜೋರಾಗಿಯೇ ಇರುತ್ತದೆ.

ಮಳೆಗೆ ಮೊದಲೊಮ್ಮೆ, ಮಳೆ ಮುಗಿದ ಮೇಲೊಮ್ಮೆ ಎಲ್ಲವನ್ನೂ ಹೊರತೆಗೆದು ನೋಡಿ. ಹಳೆಯ ಕಾಗದದ ತೋಟಾ ತೇವಕ್ಕೆ ಉಬ್ಬುತ್ತದೆ. ನಳಿಗೆಗೆ ಬೆರಳ ಒತ್ತಿಗೆ ಇಳಿಯದಿದ್ದರೆ ಬಲವಂತ ಮಾಡಬೇಡಿ. ಬುಡದ ಅಂಚಿನಲ್ಲಿ ಕೂದಲೆಳೆಯ ಬಿರುಕು, ಕೇಪಿನ ಸುತ್ತ ಹಸಿರು, ತುಕ್ಕು ಕಂಡರೆ ಪಕ್ಕಕ್ಕಿಡಿ. ಹೊಗೆರಹಿತ ಮದ್ದಿನ ಡಬ್ಬಿ ತೆರೆದಾಗ ಮೂಗು ಚುರುಗುಟ್ಟುವ ಆಸಿಡ್ ವಾಸನೆ, ಕೆಂಗಂದು ಧೂಳು ಅಥವಾ ಹೊಗೆ ಕಂಡರೆ ಅದು ಕೆಟ್ಟಿದೆ, ಮನೆಯಲ್ಲಿ ಒಂದು ರಾತ್ರಿಯೂ ಇರಬಾರದು.

ತೇವ ಹಿಡಿದ ತೋಟಾದ ನಿಜವಾದ ಅಪಾಯ ಹಾರದಿರುವುದಲ್ಲ, ತಡವಾಗಿ ಹಾರುವುದು. ಕೋವಿಯ ಕುದುರೆ (ಟ್ರಿಗರ್) ಎಳೆದಾಗ ಬರೀ ಕ್ಲಿಕ್ ಅಂದರೆ ನಳಿಗೆಯನ್ನು ಅಪಾಯವಿಲ್ಲದ ದಿಕ್ಕಿಗೇ ಹಿಡಿದು ಕನಿಷ್ಠ 30 ಸೆಕೆಂಡು, ಕೇಪಿನ ಕೋವಿಯಾದರೆ ಒಂದು ನಿಮಿಷಕ್ಕೂ ಮೀರಿ ಕಾದು ಆಮೇಲೆ ಮುಂದಿನ ಕೆಲಸ. ಈಡಿನ ಸದ್ದು ಯಾವತ್ತಿಗಿಂತ ಪೇಲವವಾಗಿ ಕೇಳಿದರೆ, ಕೋವಿ ಬಿಚ್ಚಿ ನಳಿಗೆಯಲ್ಲಿ ಬೆಳಕು ಕಾಣುತ್ತದೆಯೇ ನೋಡದೆ ಎರಡನೆಯದನ್ನು ಹಾರಿಸಬೇಡಿ.

ಖಾಲಿ ತೋಟಾ ಮತ್ತೆ ತುಂಬುವ ಬಗ್ಗೆಯೂ ಕೇಳಿದ್ದೀರಿ. ಮದ್ದುಗುಂಡು ತಯಾರಿಕೆಗೆ 1959ರ ಆಯುಧ ಕಾಯ್ದೆಯ 5ನೇ ಸೆಕ್ಷನ್ನಿನಡಿ ಬೇರೆಯೇ ಲೈಸೆನ್ಸ್ ಬೇಕು, ಕೋವಿ ಇಟ್ಟುಕೊಳ್ಳುವ ಲೈಸೆನ್ಸ್ ಅದಕ್ಕೆ ಸಾಲದು. ಒಮ್ಮೆಗೆ ಎಷ್ಟು ಇಟ್ಟುಕೊಳ್ಳಬಹುದು, ವರ್ಷಕ್ಕೆ ಎಷ್ಟು ಕೊಳ್ಳಬಹುದು ಎನ್ನುವುದು ನಿಮ್ಮ ಲೈಸೆನ್ಸ್ ಪುಸ್ತಕದಲ್ಲೇ ಬರೆದಿದೆ. ಅಷ್ಟನ್ನೂ ತಂದು ಪೇರಿಸಬೇಕಿಲ್ಲ, ಒಂದು ಬೆಳೆಗೆ ಬೇಕಾದಷ್ಟೇ ತನ್ನಿ.

ಕೆಟ್ಟದ್ದನ್ನು ನಾಲೆಗೆ ಎಸೆಯುವುದು, ಹೂಳುವುದು, ಒಲೆಗೆ ಹಾಕುವುದು ಯಾವುದೂ ಬೇಡ. ಹೊಗೆರಹಿತ ಮದ್ದು ನೀರಿನಲ್ಲಿ ಕರಗುವುದೇ ಇಲ್ಲ, ಒಣಗಿದ ಮೇಲೆ ಮೊದಲಿನಂತೆಯೇ ಉರಿಯುತ್ತದೆ. ಮೊದಲು ಠಾಣೆಗೆ ಫೋನ್ ಮಾಡಿ ವಿಷಯ ತಿಳಿಸಿ, ಅವರು ಹೇಳಿದಂತೆ ಠಾಣೆಗೋ ಲೈಸೆನ್ಸ್ ಇರುವ ಬಂದೂಕು ಅಂಗಡಿಗೋ ಒಪ್ಪಿಸಿ, ಎಷ್ಟು ಕೊಟ್ಟಿರಿ ಎನ್ನುವುದಕ್ಕೆ ರಸೀದಿ ಬರೆಸಿಕೊಳ್ಳಿ. ಒಯ್ಯುವಾಗ ಕಾರನ್ನು ಬಿಸಿಲಿನಲ್ಲಿ ನಿಲ್ಲಿಸಿ ಬೇರೆ ಕೆಲಸಕ್ಕೆ ಹೋಗಬೇಡಿ.