ಮಕ್ಕಳ ಜೊತೆ ಪಣಜಿಗೆ ಹೋಗಬಹುದಾ? ಅಲ್ಲಿ ಬರೀ ಕ್ಯಾಸಿನೊ ಅಲ್ವಾ?

ಕಾರವಾರದಿಂದ ಇಬ್ಬರು ಸಣ್ಣ ಮಕ್ಕಳನ್ನು ಕರೆದುಕೊಂಡು ಎರಡು ದಿನಕ್ಕೆ ಹೋಗಬೇಕು ಅಂತ ಕೇಳಿದ್ದೀರಿ. ಧಾರಾಳವಾಗಿ ಹೋಗಿ. ಪಣಜಿಯ ದೊಡ್ಡ ಕ್ಯಾಸಿನೊಗಳು ಮಾಂಡೋವಿ ನದಿಯಲ್ಲಿ ನಿಂತ ಹಡಗುಗಳಲ್ಲಿವೆ. ಆಡಲು 21 ವರ್ಷ ಆಗಿರಬೇಕು. ಮಕ್ಕಳಿಗೆ ಕಾಣುವುದು ದಡದಿಂದ ಅದರ ಬಣ್ಣದ ದೀಪ ಮಾತ್ರ. 'ಅದೇನಪ್ಪಾ?' ಅಂತ ಖಂಡಿತ ಕೇಳುತ್ತವೆ, ಉತ್ತರ ಈಗಲೇ ಯೋಚಿಸಿಟ್ಟುಕೊಳ್ಳಿ!

ನನ್ನ ಪ್ರಕಾರ ಮಕ್ಕಳಿಗೆ ಅಲ್ಲಿ ಜಾಸ್ತಿ ಮಜಾ ಕೊಡುವುದು ಪಣಜಿಯಿಂದ ನದಿಯ ಆಚೆ ದಡದ ಬೆತಿಗೆ ಹೋಗುವ ಫೆರಿ ದೋಣಿ. ನಡೆದು ಹತ್ತುವವರಿಗೆ ಟಿಕೆಟ್ ಇಲ್ಲ. ಕ್ಯಾಸಿನೊ ಹಡಗುಗಳೂ ಹತ್ತಿರದಿಂದ ಕಾಣುತ್ತವೆ. ಸುಮ್ನೆ ಎರಡು ಸಲ ಆಚೆ ಈಚೆ ಹೋಗಿಬನ್ನಿ. ಬಿಸಿಲು ಏರಿದ ಮೇಲೆ ಮೀರಾಮಾರ್ ಬೀಚ್ ಹತ್ತಿರದ ವಿಜ್ಞಾನ ಕೇಂದ್ರಕ್ಕೆ ಹೋಗಿ, ಅಲ್ಲಿ ಮುಟ್ಟಿ ಆಡಿಸಿ ನೋಡುವ ವಸ್ತುಗಳಿವೆ. ಹಳೆಯ ಪೋರ್ಚುಗೀಸ್ ಶೈಲಿಯ ಮನೆಗಳಿರುವ ಫಾಂಟೇನಸ್ ಓಣಿಗಳು ಚೆಂದವೇ, ಆದರೆ ಮಕ್ಕಳು ಹತ್ತು ನಿಮಿಷಕ್ಕೆ 'ಕಾಲು ನೋವು' ಅನ್ನುತ್ತವೆ.

ನಮ್ಮ ಕಾರವಾರದ ಟಾಗೋರ್ ಕಡಲತೀರದ ಯುದ್ಧನೌಕೆ ಮ್ಯೂಸಿಯಂ ಇಷ್ಟಪಟ್ಟ ಮಕ್ಕಳಾದರೆ ವಾಸ್ಕೋ ಕಡೆಯ ನೌಕಾ ವಿಮಾನ ಮ್ಯೂಸಿಯಂ ಬಿಡಬೇಡಿ. ಹಳೆಯ ವಿಮಾನಗಳನ್ನು ಅಂಗಳದಲ್ಲೇ ನಿಲ್ಲಿಸಿದ್ದಾರೆ. ಸೋಮವಾರ ರಜೆ.

ಹೋಟೆಲ್ ಮಾತ್ರ ನದಿ ದಡದ ಕ್ಯಾಸಿನೊ ಜೆಟ್ಟಿಗಳಿಂದ ಸ್ವಲ್ಪ ದೂರ ನೋಡಿ. ರಾತ್ರಿ ಅಲ್ಲಿ ಗಾಡಿ, ಗದ್ದಲ ಎರಡೂ ಜಾಸ್ತಿ. ಮಡಗಾಂವ್‌ವರೆಗೆ ರೈಲಿನಲ್ಲಿ ಹೋಗಿ, ಅಲ್ಲಿಂದ ಪಣಜಿಗೆ ಕದಂಬ (ಗೋವಾದ ಸರ್ಕಾರಿ) ಬಸ್ ಹಿಡಿಯಿರಿ. ಕಿಟಕಿ ಸೀಟಿಗೆ ಜಗಳ ಆಗುತ್ತದೆ, ಅದಕ್ಕೆ ನನ್ನ ಹತ್ತಿರವೂ ಮದ್ದಿಲ್ಲ.