ಸ್ಟುಡಿಯೋ ಪಾಠವೂ ಸಂಶೋಧನೆ ಆಗುತ್ತಾ?

ಪ್ರಶ್ನೆ: ಆರ್ಕಿಟೆಕ್ಚರ್ ಕಾಲೇಜಿನಲ್ಲಿ ಡಿಸೈನ್ ಸ್ಟುಡಿಯೋ (ವಿದ್ಯಾರ್ಥಿಗಳು ಕಟ್ಟಡಗಳನ್ನು ಬಿಡಿಸುತ್ತಲೇ ಕಲಿಯುವ ತರಗತಿ) ಕಲಿಸುತ್ತೇನೆ. ವಾರದಲ್ಲಿ ಮೂರು ಮಧ್ಯಾಹ್ನ ಪೂರ್ತಿ ಅದಕ್ಕೇ ಹೋಗುತ್ತದೆ. ಬಡ್ತಿಯ ಮಾತು ಬಂದಾಗ ಮಾತ್ರ 'ನಿಮ್ಮ ಸಂಶೋಧನೆ ಎಲ್ಲಿ?' ಎನ್ನುತ್ತಾರೆ. ಸ್ಟುಡಿಯೋ ಕೆಲಸವನ್ನೇ ತೋರಿಸಬಹುದಾ?

ಉತ್ತರ: ತೋರಿಸಬಹುದು ಮೇಡಂ. ಆದರೆ 'ಡಿಸೈನ್ ಮಾಡುವುದೇ ಸಂಶೋಧನೆ' ಎಂದು ಸುಮ್ನೆ ಹೇಳಿಬಿಟ್ಟರೆ ಯಾರೂ ಒಪ್ಪುವುದಿಲ್ಲ. ಒಪ್ಪಲೂಬಾರದು. (ನಾನೂ ಒಂದು ಕಾಲದಲ್ಲಿ ಹಾಗೆ ವಾದ ಮಾಡಿದವನೇ.) 1993ರಲ್ಲಿ ಬ್ರಿಟನ್ನಿನ ಕಲಾ ಶಿಕ್ಷಣ ತಜ್ಞ ಕ್ರಿಸ್ಟೋಫರ್ ಫ್ರೇಲಿಂಗ್ ಇದನ್ನು ಮೂರು ಬಗೆ ಮಾಡಿದ್ದರು: ಡಿಸೈನ್ ಬಗ್ಗೆ ಸಂಶೋಧನೆ, ಡಿಸೈನ್ ಮೂಲಕ ಸಂಶೋಧನೆ, ಡಿಸೈನ್‌ಗಾಗಿ ಸಂಶೋಧನೆ. ನಿಮ್ಮ ಪ್ರಶ್ನೆ ಇರುವುದು ನಡುವಿನದರ ಬಗ್ಗೆ, ಅಂದರೆ ಡಿಸೈನ್ ಮಾಡುತ್ತಲೇ ಹೊಸದನ್ನು ಕಂಡುಕೊಳ್ಳುವುದರ ಬಗ್ಗೆ.

ಒಂದು ಸ್ಟುಡಿಯೋ ನೆನಪಿಸುತ್ತೇನೆ. 1968ರಲ್ಲಿ ಅಮೆರಿಕದ ಯೇಲ್ ವಿಶ್ವವಿದ್ಯಾಲಯದಿಂದ ಆರ್ಕಿಟೆಕ್ಟ್‌ಗಳಾದ ರಾಬರ್ಟ್ ವೆಂಚುರಿ, ಡೆನಿಸ್ ಸ್ಕಾಟ್ ಬ್ರೌನ್ ಮತ್ತು ಸ್ಟೀವನ್ ಐಝೆನೂರ್ ತಮ್ಮ ವಿದ್ಯಾರ್ಥಿಗಳನ್ನು ಲಾಸ್ ವೇಗಸ್‌ಗೆ ಕರೆದುಕೊಂಡು ಹೋದರು. ಮೊದಲು ಮೂರು ವಾರ ಲೈಬ್ರರಿ, ಆಮೇಲೆ ಹತ್ತು ದಿನ ಆ ಊರಿನ ರಸ್ತೆಗಳಲ್ಲಿ. ಬೋರ್ಡುಗಳು, ಪಾರ್ಕಿಂಗ್ ಜಾಗ, ಕ್ಯಾಸಿನೋ ಮುಂದಿನ ದೀಪಗಳು, ಮೇಷ್ಟ್ರುಗಳು ಸಾಮಾನ್ಯವಾಗಿ 'ಛೀ' ಅನ್ನುವಂಥದ್ದನ್ನೆಲ್ಲ ಫೋಟೋ ತೆಗೆದು, ನಕ್ಷೆ ಮಾಡಿ ದಾಖಲಿಸಿದರು. 1972ರಲ್ಲಿ ಅದು ಪುಸ್ತಕವಾಯಿತು, ಅದರ ಮೇಲಿನ ಜಗಳ ಇನ್ನೂ ಮುಗಿದಿಲ್ಲ. ಅಲ್ಲಿ ಇದ್ದದ್ದೇನು? ಹೊರಡುವ ಮೊದಲೇ ಒಂದು ಪ್ರಶ್ನೆ, ನೋಡುವುದಕ್ಕೆ ಒಂದು ಕ್ರಮ, ಬೇರೆಯವರು ತೆಗೆದು ನೋಡಿ 'ಇದು ತಪ್ಪು' ಎನ್ನಬಹುದಾದ ದಾಖಲೆ.

ನಿಮ್ಮ ಸ್ಟುಡಿಯೋದಲ್ಲಿ ಮೊದಲನೆಯದು ಬಹುಶಃ ಇಲ್ಲ. ಹದಿನೈದು ಜನ ಹದಿನೈದು ಕಾನ್ಸೆಪ್ಟ್ ಹಿಡಿದುಕೊಂಡು ಬರುತ್ತಾರೆ, ಒಂದಕ್ಕೊಂದು ಹೋಲಿಸುವುದಕ್ಕೇ ಆಗುವುದಿಲ್ಲ. ಒಂದು ಸೆಮಿಸ್ಟರ್ ಹೀಗೆ ಮಾಡಿ ನೋಡಿ. ಎಲ್ಲರಿಗೂ ಅದೇ ಸೈಟ್, ಅದೇ ಕೋಣೆಗಳು, ಅದೇ ವಿಸ್ತೀರ್ಣ. ಮೆಟ್ಟಿಲು ಎಲ್ಲಿ ಬರಬೇಕು ಅನ್ನುವುದು ಮಾತ್ರ ಒಬ್ಬೊಬ್ಬರಿಗೆ ಒಂದೊಂದು ಕಡೆ. ಕೊನೆಗೆ ಪ್ಲಾನ್‌ಗಳನ್ನೆಲ್ಲ ಸಾಲಾಗಿ ಅಂಟಿಸಿ: ಯಾವುದರಲ್ಲಿ ಬೆಳಕಿಲ್ಲದ ಕಾರಿಡಾರ್ ಉದ್ದವಾಯಿತು, ಯಾವುದರಲ್ಲಿ ನಡೆಯುವ ದೂರ ಕಡಿಮೆಯಾಯಿತು ಅಂತ ಅಳೆಯಬಹುದು. ಅಳೆಯುವ ಹೊತ್ತಿಗೆ ಏನೋ ಒಂದು ಬೇರೆಯೇ ಹೊಳೆಯುತ್ತದೆ, ನಿಮ್ಮ ಲೇಖನ ಶುರುವಾಗುವುದು ಅಲ್ಲಿಂದ.

ಇನ್ನೊಂದು, ಸೆಮಿಸ್ಟರ್ ಮುಗಿದ ದಿನ ಸ್ಟುಡಿಯೋದ ಕಸದ ಬುಟ್ಟಿ ನೋಡಿದ್ದೀರಾ? ಮುದುರಿದ ಟ್ರೇಸಿಂಗ್ ಹಾಳೆಗಳೇ (ಕೆಳಗಿನ ಚಿತ್ರ ಕಾಣುವ ತೆಳು ಕಾಗದ) ತುಂಬಿರುತ್ತವೆ. ಗೋಡೆ ಮೇಲಿನ ಶೀಟಿನಲ್ಲಿ ಬರೀ ಉತ್ತರ ಇದೆ, ಯಾವ ದಾರಿ ಹಿಡಿದು ಯಾಕೆ ಬಿಟ್ಟರು ಅನ್ನುವುದೆಲ್ಲ ಬುಟ್ಟಿಯಲ್ಲಿದೆ. ಬಿಟ್ಟ ಪ್ರತಿ ಹಾಳೆಗೂ ದಿನಾಂಕ ಹಾಕಿ, 'ಬಿಟ್ಟಿದ್ದು ಯಾಕೆ' ಎಂದು ಒಂದು ಸಾಲು ಬರೆಸಿ ಫೈಲ್ ಮಾಡಿಸಿ. ಹಾಂ, ಬಳಸುವ ಮುಂಚೆ ವಿದ್ಯಾರ್ಥಿಗಳ ಒಪ್ಪಿಗೆ ಕೇಳಿ, ಅವರ ಹೆಸರು ಹಾಕಿ. ಕೆಲಸ ಅವರದ್ದು ಅಲ್ವಾ?

ಪ್ರಶ್ನೆ: ಮೇಷ್ಟ್ರು ನನ್ನ ಪ್ಲಾನ್ ಮೇಲೆ ಟ್ರೇಸಿಂಗ್ ಹಾಸಿ ತಾವೇ ಬಿಡಿಸಿಕೊಟ್ಟರು. ಮುಂದಿನ ವಾರ ಅದನ್ನೇ ನೀಟಾಗಿ ಮಾಡಿಕೊಂಡು ಹೋದರೆ 'ಇದ್ಯಾಕೆ ಹೀಗಿದೆ?' ಎಂದು ಬೈದರು!

ಉತ್ತರ: ನಕ್ಕಿದ್ದಕ್ಕೆ ಕ್ಷಮಿಸಿ. ವೃತ್ತಿಪರರು ಕೆಲಸ ಮಾಡುತ್ತಾ ಹೇಗೆ ಯೋಚಿಸುತ್ತಾರೆ ಎಂದು ಅಧ್ಯಯನ ಮಾಡಿದ ಡೊನಾಲ್ಡ್ ಶೋನ್ 1983ರ ತಮ್ಮ ಪುಸ್ತಕದಲ್ಲಿ ಇಂಥದೇ ಒಂದು ಮಾತುಕತೆ ಕೊಟ್ಟಿದ್ದಾರೆ. ಪೆಟ್ರಾ ಎಂಬ ವಿದ್ಯಾರ್ಥಿನಿಯ ಶಾಲಾ ಕಟ್ಟಡ ಇಳಿಜಾರಿಗೆ ಕೂರುತ್ತಿಲ್ಲ, ಕ್ವಿಸ್ಟ್ ಎಂಬ ಮೇಷ್ಟ್ರು ಅವಳ ಚಿತ್ರದ ಮೇಲೆ ಬಿಡಿಸುತ್ತಾ ಬಿಡಿಸುತ್ತಾ ಮಾತಾಡುತ್ತಾರೆ: ಹೀಗೆ ಮಾಡಿದರೆ ಏನಾಗುತ್ತದೆ, ಆಗ ಇಲ್ಲೇನು ಸಿಕ್ಕಿತು. ಶೋನ್ ಇದನ್ನು ಮೆಚ್ಚಿಕೊಂಡೇ ಬರೆದಿದ್ದಾರೆ. ನನಗೆ ಮಾತ್ರ ಓದಿದಾಗಲೆಲ್ಲ ಕ್ವಿಸ್ಟ್ ಮಾತು ಜಾಸ್ತಿ, ಪೆಟ್ರಾ ಮಾತು ಕಡಿಮೆ ಅನ್ನಿಸುತ್ತದೆ.

ನೀವು ಗೆರೆ ತಂದಿರಿ, ಗೆರೆ ಎಳೆಯುವಾಗ ಹೇಳಿದ ಕಾರಣ ಅಲ್ಲೇ ಬಿಟ್ಟು ಬಂದಿರಿ. ತಪ್ಪು ನಿಮ್ಮೊಬ್ಬರದ್ದೇ ಅಲ್ಲ, ಕೆಲವು ಮೇಷ್ಟ್ರುಗಳು ಕಾರಣ ಹೇಳುವುದೇ ಇಲ್ಲ. ಮುಂದಿನ ಸಲ ಅವರು ಪೆನ್ ಎತ್ತಿಕೊಂಡ ಕೂಡಲೇ 'ಸರ್, ಗೋಡೆ ಇಲ್ಲಿಂದ ಅಲ್ಲಿಗೆ ಸರಿಸಿದ್ದು ಯಾಕೆ?' ಎಂದು ಕೇಳಿ, ಹೇಳಿದ್ದನ್ನು ಹಾಳೆಯ ಅಂಚಿನಲ್ಲೇ ಬರೆದುಕೊಳ್ಳಿ. ಮನೆಗೆ ಬಂದು ಅದೇ ಕಾರಣಕ್ಕೆ ಬೇರೆ ಎರಡು ಉತ್ತರ ಬಿಡಿಸಿ, ಮೂರನ್ನೂ ತೆಗೆದುಕೊಂಡು ಹೋಗಿ.

ಪ್ರಶ್ನೆ: ಸಬ್‌ಮಿಷನ್ ಹಿಂದಿನ ರಾತ್ರಿ ನಿದ್ದೆಗೆಡದೆ ಯಾರಾದರೂ ಆರ್ಕಿಟೆಕ್ಟ್ ಆಗಿದ್ದಾರಾ?

ಉತ್ತರ: ಆಗಿದ್ದಾರೆ, ಹೇಳಿಕೊಳ್ಳುವುದಿಲ್ಲ ಅಷ್ಟೇ. ಹಳೇ ಪ್ಯಾರಿಸ್ಸಿನ ಎಕೋಲ್ ದೆ ಬೋಜಾರ್‌ನಲ್ಲಿ ಚಿತ್ರಗಳನ್ನು ಒಯ್ಯಲು ಬರುತ್ತಿದ್ದ ಗಾಡಿಯ ಹೆಸರು 'ಷಾರೆಟ್'. ಈಗ ಕೊನೇ ಗಳಿಗೆಯ ಒದ್ದಾಟಕ್ಕೇ ಆ ಹೆಸರು ಬಂದುಬಿಟ್ಟಿದೆ. ಅಮೆರಿಕದ ಆರ್ಕಿಟೆಕ್ಚರ್ ವಿದ್ಯಾರ್ಥಿಗಳ ಸಂಸ್ಥೆ 2002ರಲ್ಲೇ ಈ ಚಾಳಿಯನ್ನು ಪ್ರಶ್ನಿಸಿ ಒಂದು ವರದಿ ತಂದಿತ್ತು. ಜ್ಯೂರಿಗೆ (ಮೇಷ್ಟ್ರುಗಳು ಕೂತು ನಿಮ್ಮ ಕೆಲಸ ವಿಮರ್ಶಿಸುವ ದಿನ) ಎರಡು ದಿನ ಮೊದಲೇ ಡಿಸೈನ್ ಬದಲಾಯಿಸುವುದನ್ನು ನಿಲ್ಲಿಸಿ, ಸೆಕ್ಷನ್ (ಕಟ್ಟಡವನ್ನು ಕತ್ತರಿಸಿದಂತೆ ಒಳಗನ್ನು ತೋರಿಸುವ ಚಿತ್ರ) ಮೊದಲು ಮುಗಿಸಿ, ಮರಗಿಡ ಬಿಡಿಸುವುದನ್ನು ಕೊನೆಗೆ ಇಟ್ಟುಕೊಳ್ಳಿ. ಮರ ಇಲ್ಲ ಅಂತ ಯಾರೂ ಫೇಲ್ ಮಾಡಿದ್ದು ನಾನು ನೋಡಿಲ್ಲ.